ಬಂದೂಕಿನ ಲೆಕ್ಕ, ಬೇನೆಯ ಲೆಕ್ಕ

ಜನರ ತೆರಿಗೆ ಸೈನ್ಯಕ್ಕೆ ಹೋಗಬೇಕೋ, ಆಸ್ಪತ್ರೆಗೋ ಎಂದು ಒಮ್ಮೆ ತರಗತಿಯಲ್ಲಿ ಕೇಳಿದೆ. ಉತ್ತರ ಗೊತ್ತಿರುವ ಪ್ರಶ್ನೆ ಅಂದುಕೊಂಡಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, 'ಸಾರ್, ನಮ್ಮ ಮನೇಲಿ ಮೊದಲು ಓದು ಕಲಿತಿದ್ದು ನಮ್ಮ ತಾತ. ಅದೂ ಮಿಲಿಟ್ರಿಗೆ ಹೋಗಿದ್ದಕ್ಕೆ' ಅಂದ. ನಾನು ಸುಮ್ಮನಾದೆ. ನಮ್ಮ ಪ್ರಗತಿಪರ ಬರಹಗಳಲ್ಲಿ, ನನ್ನವೂ ಸೇರಿ, ಸೈನ್ಯವೆಂದರೆ ಬರೀ ದುಂದುವೆಚ್ಚ. ಕೇರಿಯ ಚರಿತ್ರೆ ಅಷ್ಟು ಸಲೀಸಾಗಿ ಹಾಗೆ ಹೇಳುವುದಿಲ್ಲ.

ಬಾಬಾಸಾಹೇಬರ ತಂದೆ ರಾಮಜಿ ಸಕ್ಪಾಲ್ ಸೈನ್ಯದಲ್ಲಿ ಸುಬೇದಾರ್, ಸೈನ್ಯದ ಶಾಲೆಯಲ್ಲೇ ಮೇಷ್ಟ್ರು. ಊರ ಶಾಲೆ ಹೊರಗೆ ನಿಲ್ಲಿಸಿದವರಿಗೆ ದಂಡಿನ ಶಾಲೆ ಅಕ್ಷರ ಕೊಟ್ಟಿತು. ಉಪ್ಪಿಗೂ ತೆರಿಗೆ ತೆತ್ತ ಜನಕ್ಕೆ ಆ ದುಡ್ಡು ಸಂಬಳವಾಗಿ, ಪಿಂಚಣಿಯಾಗಿ ವಾಪಸು ಬಂದ ಅಪರೂಪದ ಬಾಗಿಲು ಅದು. 1890ರ ದಶಕದಲ್ಲಿ ಬ್ರಿಟಿಷರು ಆ ಬಾಗಿಲು ಮುಚ್ಚಿದರು. ಮಹಾರರು 'ಯೋಧ ಜನಾಂಗ'ವಲ್ಲವಂತೆ. ಸಾಹೇಬರೂ ಜಾತಿಯ ಕನ್ನಡಕ ಹಾಕಿಕೊಂಡರು, ಅಷ್ಟೆ. ನಿವೃತ್ತ ಸೈನಿಕ ಗೋಪಾಲಬಾಬಾ ವಲಂಗಕರ್ ಅರ್ಜಿ ಬರೆದರು. 1910ರಲ್ಲಿ ಶಿವರಾಮ ಜಾನಬಾ ಕಾಂಬಳೆ ಬರೆದರು. ಮಹಾಯುದ್ಧಕ್ಕೆ ಆಳು ಬೇಕಾದಾಗ, 1917ರಲ್ಲಿ, ಮಹಾರ್ ಪಡೆ ಕಟ್ಟಿದರು. ಕೆಲಸ ಮುಗಿದ ಮೇಲೆ 1921ರಲ್ಲಿ ವಿಸರ್ಜಿಸಿದರು. 1941ರಲ್ಲಿ ಅಂಬೇಡ್ಕರ್ ವೈಸರಾಯರ ರಕ್ಷಣಾ ಸಲಹಾ ಸಮಿತಿ ಸೇರಿ ಮತ್ತೆ ಒತ್ತಾಯಿಸಿದರು. ಅದೇ ವರ್ಷ ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಎದ್ದು ನಿಂತಿದ್ದು ಆಗ ಮುಂಬೈ ಪ್ರಾಂತ್ಯದಲ್ಲಿದ್ದ ನಮ್ಮ ಬೆಳಗಾವಿಯಲ್ಲಿ.

ಬಾಗಿಲು ತೆಗೆಸಿದ ಇದೇ ಮನುಷ್ಯ ಹತ್ತು ವರ್ಷಕ್ಕೆ ಏನು ಹೇಳಿದರು? ಮಂತ್ರಿ ಪದವಿಗೆ ಅವರು ಕೊಟ್ಟ ರಾಜೀನಾಮೆ ಅಂದರೆ ನಮಗೆ ಹಿಂದೂ ಕೋಡ್ ಬಿಲ್ ಒಂದೇ ನೆನಪು. 1951ರ ಅಕ್ಟೋಬರ್ 10ರ ಆ ಹೇಳಿಕೆಯಲ್ಲಿ ಒಂದು ಲೆಕ್ಕವೂ ಇದೆ: ವರ್ಷದ ಆದಾಯ 350 ಕೋಟಿ, ಅದರಲ್ಲಿ ಸೈನ್ಯಕ್ಕೆ 180 ಕೋಟಿ. ಅರ್ಧಕ್ಕೂ ಮೀರಿ. ಇದು ನಮ್ಮ ವಿದೇಶಾಂಗ ನೀತಿಯ ಫಲ, ಗೆಳೆಯರಿಲ್ಲದ ದೇಶ ಇಡೀ ಖರ್ಚನ್ನು ತಾನೇ ಹೊರಬೇಕು ಎಂಬುದು ಅವರ ವಾದ. ಅವರು ಸೈನ್ಯ ಬೇಡ ಅನ್ನಲಿಲ್ಲ. ಈ ಬಿಲ್ಲು ಯಾರ ನಿರ್ಧಾರದಿಂದ ಬಂತು ಅಂತ ಕೇಳಿದರು. ನಮ್ಮ ವಿಮರ್ಶೆ ಅವರನ್ನು ಸಂವಿಧಾನದಲ್ಲಿ ಓದಿತು, ಬುದ್ಧನಲ್ಲಿ ಓದಿತು. ಬಜೆಟ್ ಓದುತ್ತಿದ್ದ ಅಂಬೇಡ್ಕರರನ್ನು ಅರ್ಥಶಾಸ್ತ್ರದವರಿಗೆ ಬಿಟ್ಟುಕೊಟ್ಟಿತು.

ಆ ಹೇಳಿಕೆಗೆ ಐದು ವರ್ಷ ಮುಂಚೆ, 1946ರಲ್ಲಿ, ಭೋರ್ ಸಮಿತಿಯ ವರದಿ ಬಂದಿತ್ತು. ದುಡ್ಡಿಲ್ಲವೆಂದು ಯಾರಿಗೂ ಚಿಕಿತ್ಸೆ ತಪ್ಪಬಾರದು, ಸದ್ಯಕ್ಕೆ 40,000 ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರವಾದರೂ ಬೇಕು ಎಂದಿತ್ತು. ಅಂದರೆ ಯಾವ ಸಮವಸ್ತ್ರವೂ ಇಲ್ಲದವರಿಗೆ ತೆರಿಗೆ ವಾಪಸು ಬರುವ ದಾರಿ.

ಅದಕ್ಕೆ ಹಣ ಎಲ್ಲಿಂದ? ಇಲ್ಲೇ ಗಂಟಿರುವುದು. 1919ರ ಸುಧಾರಣೆಯಲ್ಲಿ ಶಿಕ್ಷಣ, ಆರೋಗ್ಯ ಪ್ರಾಂತ್ಯಗಳ ದೇಶೀ ಮಂತ್ರಿಗಳ ತಲೆಗೆ ಬಂದವು. ಸೈನ್ಯ ದಿಲ್ಲಿಯಲ್ಲೇ ಉಳಿಯಿತು, ಬೆಳೆಯುವ ಆದಾಯಗಳಾದ ಸುಂಕ, ಆದಾಯ ತೆರಿಗೆ ಕೂಡ. ಪ್ರಾಂತ್ಯಕ್ಕೆ ಕಂದಾಯ. 1925ರಲ್ಲಿ ಪ್ರಾಂತೀಯ ಹಣಕಾಸಿನ ಮೇಲೆ ಅಂಬೇಡ್ಕರ್ ಪುಸ್ತಕವನ್ನೇ ಬರೆದಿದ್ದರು. ಆದರೂ ನಮ್ಮ ಸಂವಿಧಾನದ ಏಳನೇ ಅನುಸೂಚಿಯಲ್ಲಿ ರಕ್ಷಣೆ ಕೇಂದ್ರದ ಪಟ್ಟಿಯಲ್ಲಿದೆ, ಆಸ್ಪತ್ರೆ ರಾಜ್ಯದ ಪಟ್ಟಿಯಲ್ಲಿ. ಬಾಬಾಸಾಹೇಬರನ್ನೂ ಇಲ್ಲಿ ನಾವು ಪ್ರಶ್ನಿಸಬೇಕು. ಅವರನ್ನು ಬರೀ ಹೂವಿನಹಾರ ಮಾಡಿಕೊಂಡರೆ ಓದಿದ ಹಾಗಲ್ಲ.

2025-26ರ ಕೇಂದ್ರ ಬಜೆಟ್ಟಿನಲ್ಲಿ ರಕ್ಷಣೆಗೆ ಸುಮಾರು 6.8 ಲಕ್ಷ ಕೋಟಿ, ಆರೋಗ್ಯ ಮಂತ್ರಾಲಯಕ್ಕೆ ಹತ್ತಿರ ಹತ್ತಿರ 1 ಲಕ್ಷ ಕೋಟಿ. ಆಸ್ಪತ್ರೆಗೆ ರಾಜ್ಯಗಳೂ ಖರ್ಚು ಮಾಡುತ್ತವಲ್ಲ, ಹೋಲಿಕೆ ಸರಿಯಲ್ಲ ಅಂತ ಯಾರಾದರೂ ತಗಾದೆ ತೆಗೆದಾರು. ಸರಿಯೇ. ಆದರೆ ತೆರಿಗೆಯ ದೊಡ್ಡ ಪಾಲು ಎತ್ತುವ ಕೈ ಒಂದು, ರೋಗಿಯ ಮುಂದೆ ನಿಲ್ಲುವ ಕೈ ಇನ್ನೊಂದು. 2017ರ ರಾಷ್ಟ್ರೀಯ ಆರೋಗ್ಯ ನೀತಿ, 2025ಕ್ಕೆ ಎಲ್ಲ ಸರ್ಕಾರಗಳ ಆರೋಗ್ಯ ವೆಚ್ಚ ಒಟ್ಟು ಉತ್ಪನ್ನದ ಶೇ. 2.5 ಆಗಬೇಕೆಂದಿತ್ತು. ಆಗಲಿಲ್ಲ.

ಇತ್ತ ಹಳೇ ಬಾಗಿಲೂ ಕಿರಿದಾಗುತ್ತಿದೆ. 2022ರ ಅಗ್ನಿಪಥ ಯೋಜನೆಯಲ್ಲಿ ಸೇರಿದವರಿಗೆ ನಾಲ್ಕೇ ವರ್ಷ, ಶೇ. 25ರಷ್ಟು ಮಂದಿಗೆ ಮುಂದುವರಿಯುವ ಅವಕಾಶ, ಉಳಿದವರು ಒಂದಿಷ್ಟು ಗಂಟು ಹಿಡಿದು ಮನೆಗೆ. ಪಿಂಚಣಿ ಇಲ್ಲ, ಮಾಜಿ ಸೈನಿಕರ ಆಸ್ಪತ್ರೆ ಸೌಲಭ್ಯವೂ ಇಲ್ಲ. ತಾತನ ಪಿಂಚಣಿಯಲ್ಲಿ ಅಜ್ಜಿಗೆ ಔಷಧಿ ತರುತ್ತಿದ್ದೆವು ಎಂದಿದ್ದ ಆ ಹಿಂದಿನ ಬೆಂಚಿನ ಹುಡುಗ ಮೊನ್ನೆ ಅಗ್ನಿವೀರ್ ಅರ್ಜಿ ತುಂಬಿಸಿಕೊಳ್ಳಲು ಬಂದಿದ್ದ. ತುಂಬಿಕೊಟ್ಟೆ.