ಗಾಡ್ಜಿಲ್ಲಾ ಉಳಿದ, ಮೀನುಗಾರರು ಕಾಣೆಯಾದರು

ಮೊನ್ನೆ ಮಗಳು ಮೊಬೈಲಲ್ಲಿ ಗಾಡ್ಜಿಲ್ಲಾ ನೋಡ್ತಾ ಕೂತಿದ್ದಳು. 1998ರ ಹಾಲಿವುಡ್ ಗಾಡ್ಜಿಲ್ಲಾ. ನಾನು ಹತ್ತು ನಿಮಿಷ ನೋಡಿ ಎದ್ದುಬಿಟ್ಟೆ. "ಯಾಕಪ್ಪಾ, ನಿಂಗೆ ಗಾಡ್ಜಿಲ್ಲಾ ಅಂದ್ರೆ ಇಷ್ಟ ಅಂತಿದ್ದೆ?" ಅಂದಳು. ಇಷ್ಟಾನೇ. ಅದಕ್ಕೇ ಸಿಟ್ಟು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೀತಿದ್ದೀನಿ, ಉದ್ದ ಆಯ್ತು ಅಂತ ಬೈಕೋಬೇಡಿ.

ಎಂಬತ್ತರ ದಶಕದ ಕೊನೆ, ನಾನು ಹಾಸ್ಟೆಲ್ ಹುಡುಗ. ತಾಲ್ಲೂಕು ಕೇಂದ್ರದ ವಿಡಿಯೋ ಸೆಂಟರಿನಲ್ಲಿ ಎರಡು ರೂಪಾಯಿ ಕೊಟ್ಟರೆ ನೆಲದ ಮೇಲೆ ಕೂತು ಸಿನಿಮಾ ನೋಡಬಹುದಿತ್ತು. ಕತ್ತಲಲ್ಲಿ ಯಾರ ಪಕ್ಕ ಯಾರು ಕೂತಿದ್ದಾರೆ ಅಂತ ಯಾರೂ ಕೇಳ್ತಿರಲಿಲ್ಲ. ಅಲ್ಲೇ ಕಪ್ಪು-ಬಿಳುಪಿನ ಗಾಡ್ಜಿಲ್ಲಾ ನೋಡಿದ್ದು. ಇಂಗ್ಲಿಷ್ ಒಂದಕ್ಷರ ತಿಳೀತಿರಲಿಲ್ಲ. ಆದರೆ ಸಮುದ್ರದಿಂದ ಎದ್ದು ಬಂದು ದೊಡ್ಡವರ ಊರನ್ನು ತುಳಿದು ಹಾಕೋ ಆ ಪ್ರಾಣಿ ನಮ್ಮ ಕಡೆಯದು ಅಂತ ನಮಗೆ ಯಾಕೋ ಅನ್ನಿಸಿತ್ತು. ಆಮೇಲೆ ಗಾಡ್ಜಿಲ್ಲಾದ ಯಾವ ಕ್ಯಾಸೆಟ್ ಬಂದರೂ ಬಿಟ್ಟಿಲ್ಲ.

ಆ ಪ್ರಾಣಿ ಎಲ್ಲಿಂದ ಬಂತು ಅಂತ ಗೊತ್ತಾಗೋಕೆ ಬಹಳ ವರ್ಷ ಬೇಕಾಯ್ತು.

1954ರ ಮಾರ್ಚ್ 1. ಪೆಸಿಫಿಕ್ ಸಾಗರದ ಬಿಕಿನಿ ಹವಳದ್ವೀಪದಲ್ಲಿ ಅಮೆರಿಕ 'ಕ್ಯಾಸಲ್ ಬ್ರಾವೊ' ಅನ್ನೋ ಹೈಡ್ರೋಜನ್ ಬಾಂಬ್ ಸಿಡಿಸಿತು. ಸುಮಾರು 6 ಮೆಗಾಟನ್ ಅಂದುಕೊಂಡಿದ್ದರು, ಆಗಿದ್ದು 15. ಹಿರೋಶಿಮಾ ಬಾಂಬಿನ ಸುಮಾರು ಸಾವಿರ ಪಟ್ಟು. ಅಮೆರಿಕ ಘೋಷಿಸಿದ್ದ ಅಪಾಯ ವಲಯದ ಹೊರಗೆ ಜಪಾನಿನ ಒಂದು ಟ್ಯೂನಾ ದೋಣಿ ಇತ್ತು, 'ದಾಯ್ಗೊ ಫುಕುರ್ಯು ಮಾರು'. 23 ಜನ. ಅವರ ಮೇಲೆ ಗಂಟೆಗಟ್ಟಲೆ ಬಿಳಿ ಬೂದಿ ಉದುರಿತು. ಊರಿಗೆ ಬರುವಷ್ಟರಲ್ಲಿ ಮೈ ಸುಟ್ಟಿತ್ತು, ಕೂದಲು ಉದುರುತ್ತಿತ್ತು. ರೇಡಿಯೋ ಆಪರೇಟರ್ ಕುಬೊಯಾಮಾ ಐಕಿಚಿ ಸೆಪ್ಟೆಂಬರ್ 23ರಂದು ತೀರಿಕೊಂಡರು. ಇತ್ತ ಮಾರ್ಷಲ್ ದ್ವೀಪಗಳ ರೊಂಗೆಲಾಪ್‌ನಲ್ಲಿ ಮಕ್ಕಳು ಆ ಬೂದಿಯಲ್ಲೇ ಆಟ ಆಡಿದ್ದವು. ಅಲ್ಲಿನ ಜನರನ್ನು ಬೇರೆ ಕಡೆ ಸಾಗಿಸಿದ್ದು ಎರಡು ದಿನ ಕಳೆದ ಮೇಲೆ.

ಕುಬೊಯಾಮಾ ಸತ್ತು ಆರು ವಾರ ಆಗಿರಲಿಲ್ಲ, ನವೆಂಬರ್ 3ಕ್ಕೆ ತೋಹೋ ಕಂಪನಿಯ 'ಗೊಜಿರಾ' ತೆರೆಗೆ ಬಂತು. ನಿರ್ದೇಶಕ ಹೊಂಡಾ ಇಶಿರೊ ಯುದ್ಧ ಮುಗಿಸಿ ಮನೆಗೆ ವಾಪಸಾಗುವಾಗ ಹಿರೋಶಿಮಾದ ಬೂದಿಯನ್ನು ಕಣ್ಣಾರೆ ಕಂಡ ಸೈನಿಕ. ಸಿನಿಮಾ ಶುರುವಾಗೋದೇ ಕಡಲ ಮಧ್ಯೆ ಬೆಳಕೊಂದು ಹೊಳೆದು ಸುಟ್ಟುಹೋಗುವ ದೋಣಿಯಿಂದ. ಜಪಾನಿನ ಪ್ರೇಕ್ಷಕರಿಗೆ ಅದು ಯಾವ ದೋಣಿ ಅಂತ ಬಿಡಿಸಿ ಹೇಳಬೇಕಿರಲಿಲ್ಲ. ಗೊಜಿರಾನ ಚರ್ಮ ನೋಡಿ, ಬಾಂಬಿನಿಂದ ಬದುಕುಳಿದವರ ಮೈಮೇಲಿನ ಸುಟ್ಟ ಕಲೆ ನೆನಪಾಗುತ್ತೆ. ಆ ಭಾರದ ರಬ್ಬರ್ ಸೂಟಿನೊಳಗೆ ಬೆವರು ಸುರಿಸಿದ ನಟ ನಕಾಜಿಮಾ ಹರುವೊ. 1972ರ ತನಕ ಅವರೇ ಗಾಡ್ಜಿಲ್ಲಾ, ಮುಖ ಮಾತ್ರ ಯಾರಿಗೂ ಕಾಣ್ತಿರಲಿಲ್ಲ. (ಒಳಗಿದ್ದು ದುಡಿಯೋರ ಕಥೆ ಎಲ್ಲಾ ಕಡೆ ಒಂದೇ ಬಿಡಿ.)

ಬದುಕಿ ಬಂದ ಮೀನುಗಾರರ ಪಾಡು ಏನಾಯ್ತು? 1955ರಲ್ಲಿ ಅಮೆರಿಕ 20 ಲಕ್ಷ ಡಾಲರ್ ಕೊಟ್ಟು ಕೈ ತೊಳೆದುಕೊಂಡಿತು, ತಪ್ಪು ನಮ್ಮದು ಅಂತ ಕಾನೂನಿನ ಪ್ರಕಾರ ಒಪ್ಪಿಕೊಳ್ಳದೆ. ಪರಿಹಾರ ಬಂತಲ್ಲ ಅಂತ ಊರವರಿಗೆ ಹೊಟ್ಟೆಕಿಚ್ಚು, ವಿಕಿರಣ ತಗುಲಿದವರು ಅಂತ ಭಯ. ಓಯಿಶಿ ಮತಶಿಚಿ ಅನ್ನೋರು ಊರು ಬಿಟ್ಟು ಟೋಕಿಯೋ ಜನಜಂಗುಳಿಯಲ್ಲಿ ಬಚ್ಚಿಟ್ಟುಕೊಂಡು ಲಾಂಡ್ರಿ ನಡೆಸಿದರು. ಎಷ್ಟೋ ವರ್ಷ ಬಾಯಿ ಬಿಡಲಿಲ್ಲ. ಇದು ನಮ್ಮ ಅಸ್ಪೃಶ್ಯತೆಗೆ ಸಮ ಅಂತ ನಾನು ಹೇಳಲ್ಲ, ನಮ್ಮದು ಹುಟ್ಟಿನ ಜೊತೆಗೇ ಅಂಟಿಸುವಂಥದ್ದು. ಆದರೆ ಹೆಸರು, ಊರು ಮುಚ್ಚಿಟ್ಟು ಬಾಡಿಗೆ ಮನೆ ಹುಡುಕಿದ ನಮಗೆ ಓಯಿಶಿ ಅವರ ಮೌನ ಅರ್ಥ ಆಗುತ್ತೆ.

ಈಗ ಸಿನಿಮಾಕ್ಕೆ ಬರ್ತೀನಿ. 1956ರಲ್ಲೇ ಅಮೆರಿಕದವರು ಗೊಜಿರಾನ ಕತ್ತರಿಸಿ, ರೇಮಂಡ್ ಬರ್ ಅನ್ನೋ ನಟನನ್ನು ಪತ್ರಕರ್ತನಾಗಿ ಮಧ್ಯೆ ತುರುಕಿ, ಬಾಂಬಿನ ಎಷ್ಟೋ ಮಾತು, ನಾಗಸಾಕಿಯ ಮಾತು ತೆಗೆದು ಹಾಕಿದ್ದರು. ನಾನು ವಿಡಿಯೋ ಸೆಂಟರಿನಲ್ಲಿ ನೋಡಿ ಪ್ರೀತಿಸಿದ್ದು ಅದನ್ನೇ! ಆ ಬಿಳಿಯ ಯಾರು ಅಂತ ಆಗಲೂ ಅರ್ಥ ಆಗಿರಲಿಲ್ಲ.

ಆದರೂ ಅದರಲ್ಲಿ ಹೊಂಡಾ ಅವರ ದುಃಖ ಅಲ್ಲಲ್ಲಿ ಉಳಿದಿತ್ತು. 1998ರಲ್ಲಿ ರೋಲಂಡ್ ಎಮ್ಮೆರಿಕ್ ಎಲ್ಲಾ ಹೊಸದಾಗಿ ಶುರುಮಾಡಿದಾಗ ಅದೂ ಹೋಯ್ತು. ಬಾಂಬ್ ಸಿಡಿಸಿದ್ದು ಯಾರು? ಫ್ರಾನ್ಸ್! ಫ್ರಾನ್ಸ್ ಕೂಡ ಪಾಲಿನೇಷ್ಯಾದಲ್ಲಿ ಪರೀಕ್ಷೆ ಮಾಡಿದ್ದು ನಿಜ, 1996ರವರೆಗೂ. ಆದರೆ ಬಿಕಿನಿಯ ಕಥೆಯನ್ನು ತಗೊಂಡು ಅಪರಾಧಿಯ ಹೆಸರು ಬದಲಾಯಿಸೋದಿದೆಯಲ್ಲ, ಅದು ಬರೀ ಕೆಟ್ಟ ಸಿನಿಮಾ ಅಲ್ಲ. ಗಾಡ್ಜಿಲ್ಲಾ ಅಂದರೆ ಒಂದು ಓತಿಕ್ಯಾತ, ಮೀನು ತಿಂದು ಮೊಟ್ಟೆ ಇಡುತ್ತೆ, ಕೊನೆಗೆ ಸೇತುವೆಯ ಕೇಬಲ್ಲಿಗೆ ಸಿಕ್ಕಿಕೊಂಡು ಅಮೆರಿಕದ ಕ್ಷಿಪಣಿಗೆ ಸಾಯುತ್ತೆ. ಹೊಂಡಾನ ಗೊಜಿರಾಗೆ ಸೈನ್ಯದ ಯಾವ ಗುಂಡೂ ನಾಟ್ತಿರಲಿಲ್ಲ. ತೋಹೋದವರಿಗೇ ಇದು ನುಂಗಲಾಗದೆ, ಆಮೇಲೆ ಆ ಪ್ರಾಣಿಗೆ 'ಜಿಲ್ಲಾ' ಅಂತ ಬೇರೆ ಹೆಸರಿಟ್ಟು, 2004ರ ಸಿನಿಮಾದಲ್ಲಿ ಅಸಲಿ ಗಾಡ್ಜಿಲ್ಲಾ ಕೈಲಿ ಕೆಲವೇ ಸೆಕೆಂಡಲ್ಲಿ ಮುಗಿಸಿದರು.

2014ರ ಹಾಲಿವುಡ್ ಗಾಡ್ಜಿಲ್ಲಾ ಚೆನ್ನಾಗಿದೆ ಅಂತ ಬಹಳ ಜನ ಹೇಳಿದರು. ನೋಡೋಕೆ ಚೆನ್ನಾಗಿದೆ. ಆದರೆ ಅದರ ಪ್ರಕಾರ ಬಿಕಿನಿಯ ಬಾಂಬು ಪರೀಕ್ಷೆಯೇ ಅಲ್ಲ, ಗಾಡ್ಜಿಲ್ಲಾನ ಕೊಲ್ಲೋಕೆ ಮಾಡಿದ ಪ್ರಯತ್ನವಂತೆ! ಹಾಗಾದರೆ ಕುಬೊಯಾಮಾ ಯಾಕೆ ಸತ್ತರು? ರೊಂಗೆಲಾಪ್ ಜನ 1985ರಲ್ಲಿ ತಮ್ಮ ದ್ವೀಪವನ್ನೇ ಯಾಕೆ ಬಿಟ್ಟು ಹೊರಟರು?

ಇನ್ನೊಂದು ಮಾತು. ಎಮ್ಮೆರಿಕ್‌ನ ಸಿನಿಮಾ ಅಮೆರಿಕದಲ್ಲಿ ಬಿಡುಗಡೆಯಾದದ್ದು 1998ರ ಮೇ 20. ಅದಕ್ಕೆ ಒಂಬತ್ತು ದಿನ ಮುಂಚೆ, ಮೇ 11ರಂದು, ಪೋಖ್ರಾನ್‌ನಲ್ಲಿ ನಮ್ಮವರು ಬಾಂಬ್ ಸಿಡಿಸಿದ್ದರು. ಅವತ್ತು ಬುದ್ಧ ಪೂರ್ಣಿಮೆ. 1974ರ ಮೊದಲ ಬಾಂಬಿಗಂತೂ 'ನಗುವ ಬುದ್ಧ' ಅಂತಲೇ ಹೆಸರು. ಬಾಬಾಸಾಹೇಬರು ನಮ್ಮನ್ನು ಕರೆದುಕೊಂಡು ಹೋದ ಬುದ್ಧನನ್ನ ಹೀಗೆ ಬಳಸಿಕೊಂಡರು. ನಮ್ಮ ಬೀದಿಯಲ್ಲಿ ಪೇಡಾ ಹಂಚಿದರು, ನಾನೂ ತಿಂದೆ. ಆಗ ನನಗೆ ಬಿಕಿನಿಯೂ ಗೊತ್ತಿರಲಿಲ್ಲ, ಆ ದೋಣಿಯೂ ಗೊತ್ತಿರಲಿಲ್ಲ.

ಆ ದೋಣಿ ಈಗಲೂ ಇದೆ. ಟೋಕಿಯೋದ ಕಸದ ದಿಬ್ಬದ ಹತ್ತಿರ ಕೊಳೆಯಲು ಬಿಟ್ಟಿದ್ದನ್ನು ಜನಸಾಮಾನ್ಯರು ಹೋರಾಡಿ ಉಳಿಸಿಕೊಂಡರು, 1976ರಿಂದ ಅಲ್ಲೇ ಪ್ರದರ್ಶನಕ್ಕಿದೆ. ಓಯಿಶಿ ಕೊನೆಗೆ ಬಾಯಿ ಬಿಟ್ಟು, ಶಾಲಾ ಮಕ್ಕಳಿಗೆ ಆ ಬೂದಿಯ ಕಥೆ ಹೇಳುತ್ತಾ ಓಡಾಡಿದರು.

ಮಗಳಿಗೆ 1954ರ ಮೂಲ ಗೊಜಿರಾ ತೋರಿಸಿದೆ. ದೋಣಿ ಸುಡುವಾಗ ಮೊಬೈಲ್ ಪಕ್ಕಕ್ಕಿಟ್ಟಳು. ನಮ್ಮ ಹಾಸ್ಟೆಲ್ ಹುಡುಗರಿಗೂ ತೋರಿಸಬೇಕು ಅಂತಿದೆ, ನಿಲ್ಲಿಸಿ ನಿಲ್ಲಿಸಿ ಕನ್ನಡದಲ್ಲಿ ಹೇಳ್ತೀನಿ. ಪ್ರೊಜೆಕ್ಟರ್ ಇರೋರು ಇನ್‌ಬಾಕ್ಸ್‌ಗೆ ಬನ್ನಿ. ಜೈ ಭೀಮ್.