ಎಫ್‌ಟಿಪಿ

ಎಫ್‌ಟಿಪಿ ಅಥವಾ ಫೈಲ್ ಟ್ರಾನ್ಸ್‌ಫರ್ ಪ್ರೊಟೊಕಾಲ್ ಎಂಬುದು ಒಂದು ಗಣಕಯಂತ್ರದಿಂದ ಮತ್ತೊಂದಕ್ಕೆ ಜಾಲದ ಮೂಲಕ ಕಡತಗಳನ್ನು ವರ್ಗಾಯಿಸಲು ರೂಪಿಸಲಾದ ನಿಯಮಾವಳಿ. ಸ್ವಂತ ಗಣಕದಲ್ಲಿ ಸಿದ್ಧಪಡಿಸಿದ ಪುಟ, ಚಿತ್ರ, ಧ್ವನಿಮುದ್ರಿಕೆ ಮೊದಲಾದವುಗಳನ್ನು ಜಾಲತಾಣದ ಸರ್ವರ್‌ಗೆ ಏರಿಸುವುದಕ್ಕೂ ಸರ್ವರ್‌ನಲ್ಲಿರುವ ಕಡತಗಳನ್ನು ಇಳಿಸಿಕೊಳ್ಳುವುದಕ್ಕೂ ಇದು ದಶಕಗಳಿಂದ ಬಳಕೆಯಲ್ಲಿದೆ. ಇದರ ಮೊದಲ ರೂಪ 1971ರಲ್ಲಿ ಪ್ರಕಟವಾಯಿತು. ವರ್ಲ್ಡ್ ವೈಡ್ ವೆಬ್‌ಗಿಂತಲೂ, ಇಂದಿನ ಅಂತರಜಾಲಕ್ಕೆ ಆಧಾರವಾದ ಟಿಸಿಪಿ/ಐಪಿಗಿಂತಲೂ ಇದು ಹಳೆಯದು. ಪರಸ್ಪರ ಪರಿಚಯವಿದ್ದ ಕೆಲವೇ ಸಂಸ್ಥೆಗಳ ಜಾಲಕ್ಕಾಗಿ ಹುಟ್ಟಿದುದರಿಂದ, ಗುಪ್ತಪದವನ್ನಾಗಲಿ ಕಡತವನ್ನಾಗಲಿ ಪರರ ಕಣ್ಣಿನಿಂದ ಮರೆಮಾಡುವ ಏರ್ಪಾಡು ಮೂಲ ನಿಯಮಾವಳಿಯಲ್ಲಿಲ್ಲ. ಆದ್ದರಿಂದ ಇಂದು ಎಫ್‌ಟಿಪಿಯ ಸುರಕ್ಷಿತ ರೂಪವಾದ ಎಫ್‌ಟಿಪಿಎಸ್ ಅಥವಾ ಅದೇ ಕೆಲಸವನ್ನು ಬೇರೊಂದು ರೀತಿಯಲ್ಲಿ ಮಾಡುವ ಎಸ್‌ಎಫ್‌ಟಿಪಿಯ ಬಳಕೆಯೇ ಉಚಿತವೆನಿಸಿದೆ.

ಪರಿಭಾಷೆ

• ಸರ್ವರ್: ಕಡತಗಳನ್ನು ಸಂಗ್ರಹಿಸಿಟ್ಟುಕೊಂಡು, ಕೇಳಿದವರಿಗೆ ಒದಗಿಸಲು ಸದಾ ಚಾಲನೆಯಲ್ಲಿರುವ ಗಣಕ.
• ಕ್ಲೈಂಟ್: ಸರ್ವರ್‌ನೊಡನೆ ಸಂಪರ್ಕ ಸಾಧಿಸಲು ಬಳಕೆದಾರನ ಗಣಕದಲ್ಲಿರುವ ತಂತ್ರಾಂಶ.
• ಅಪ್‌ಲೋಡ್: ಕಡತವನ್ನು ಸ್ವಂತ ಗಣಕದಿಂದ ಸರ್ವರ್‌ಗೆ ಕಳುಹಿಸುವುದು, ಅಂದರೆ ಏರಿಸುವುದು.
• ಡೌನ್‌ಲೋಡ್: ಕಡತವನ್ನು ಸರ್ವರ್‌ನಿಂದ ಸ್ವಂತ ಗಣಕಕ್ಕೆ ತರುವುದು, ಅಂದರೆ ಇಳಿಸುವುದು.
• ಪೋರ್ಟ್: ಒಂದೇ ಗಣಕದಲ್ಲಿ ನಡೆಯುವ ಬೇರೆ ಬೇರೆ ಸೇವೆಗಳನ್ನು ಗುರುತಿಸುವ ಸಂಖ್ಯೆ. ವಿಳಾಸವು ಮನೆಯನ್ನು ತೋರಿಸಿದರೆ ಪೋರ್ಟ್ ಆ ಮನೆಯ ಬಾಗಿಲನ್ನು ತೋರಿಸುತ್ತದೆ.

ವರ್ಗಾವಣೆ ಎಂಬ ಪದವಿದ್ದರೂ ಇಲ್ಲಿ ನಡೆಯುವುದು ನಕಲು ಮಾಡುವ ಕ್ರಿಯೆ. ಕಡತವನ್ನು ಏರಿಸಿದ ನಂತರವೂ ಮೂಲಪ್ರತಿ ಸ್ವಂತ ಗಣಕದಲ್ಲಿಯೇ ಉಳಿಯುತ್ತದೆ.

ಇತಿಹಾಸ

ಎಫ್‌ಟಿಪಿಯ ಮೊದಲ ಕರಡನ್ನು ರಚಿಸಿದವರು ಭಾರತೀಯ ಮೂಲದ ಅಭಯ್ ಭೂಷಣ್. ಅಲಹಾಬಾದಿನಲ್ಲಿ ಜನಿಸಿದ ಇವರು ಕಾನ್ಪುರದ ಐಐಟಿಯಿಂದ 1965ರಲ್ಲಿ ಹೊರಬಂದ ಮೊದಲ ತಂಡದ ಪದವೀಧರರು. ಅಮೆರಿಕದ ಎಂಐಟಿಯಲ್ಲಿದ್ದಾಗ ಅವರು ಬರೆದ ಕರಡು, ಆರ್‌ಎಫ್‌ಸಿ 114 ಎಂಬ ಹೆಸರಿನಲ್ಲಿ 1971ರ ಏಪ್ರಿಲ್ 16ರಂದು ಪ್ರಕಟವಾಯಿತು. ಅಂತರಜಾಲದ ನಿಯಮಗಳನ್ನೂ ಪ್ರಸ್ತಾವಗಳನ್ನೂ ಪ್ರಕಟಿಸುವ ದಾಖಲೆಗಳ ಮಾಲೆಗೆ ಆರ್‌ಎಫ್‌ಸಿ ಎಂದು ಹೆಸರು. ಆಗ ಇದ್ದದ್ದು ಅರ್ಪಾನೆಟ್ ಎಂಬ ಸಣ್ಣ ಜಾಲ. ಅದಕ್ಕೆ ಸೇರಿದ್ದ ಗಣಕಗಳು ಬೇರೆ ಬೇರೆ ತಯಾರಕರವು. ಕಡತಗಳನ್ನು ಇಡುವ ಕ್ರಮವೂ ಹೆಸರಿಸುವ ಕ್ರಮವೂ ಒಂದೊಂದರಲ್ಲಿ ಒಂದೊಂದು ಬಗೆ. ಈ ಭೇದಗಳನ್ನು ದಾಟಿ ಎಲ್ಲ ಗಣಕಗಳೂ ಒಂದೇ ಭಾಷೆಯಲ್ಲಿ ವ್ಯವಹರಿಸುವಂತೆ ಮಾಡುವುದು ಕರಡಿನ ಉದ್ದೇಶವಾಗಿತ್ತು.

ಟಿಸಿಪಿಗೆ ಹೊಂದಿಕೊಳ್ಳುವಂತೆ 1980ರಲ್ಲಿ ನಿಯಮಾವಳಿಯನ್ನು ಪರಿಷ್ಕರಿಸಲಾಯಿತು. 1985ರ ಅಕ್ಟೋಬರಿನಲ್ಲಿ ಜಾನ್ ಪೋಸ್ಟೆಲ್ ಮತ್ತು ಜಾಯ್ಸ್ ರೆನಾಲ್ಡ್ಸ್ ಅವರ ಹೆಸರಿನಲ್ಲಿ ಪ್ರಕಟವಾದ ಆರ್‌ಎಫ್‌ಸಿ 959 ಇಂದಿಗೂ ಎಫ್‌ಟಿಪಿಯ ಮೂಲಾಧಾರವಾಗಿದೆ. ವೆಬ್ ಹರಡುವ ಮೊದಲು ತಂತ್ರಾಂಶಗಳನ್ನೂ ಲೇಖನಗಳನ್ನೂ ಸಾರ್ವಜನಿಕರಿಗೆ ಹಂಚಲು ಅನಾಮಧೇಯ ಎಫ್‌ಟಿಪಿ ಪ್ರಮುಖ ಮಾರ್ಗವಾಗಿತ್ತು. ಇಂತಹ ಸರ್ವರ್‌ಗಳಿಗೆ ಖಾತೆಯಿಲ್ಲದವರೂ ಪ್ರವೇಶಿಸಬಹುದಾಗಿತ್ತು. ಗುಪ್ತಪದದ ಜಾಗದಲ್ಲಿ ಮಿಂಚಂಚೆ ವಿಳಾಸ ಕೊಡುವುದು ವಾಡಿಕೆ. ಅಲ್ಲಿನ ಕಡತಗಳ ಹೆಸರುಗಳನ್ನು ಹುಡುಕಿಕೊಡಲು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ 1990ರಲ್ಲಿ ರೂಪುಗೊಂಡ ಆರ್ಚಿಯನ್ನು ಅಂತರಜಾಲದ ಮೊದಲ ಶೋಧಕವೆಂದು ಪರಿಗಣಿಸಲಾಗುತ್ತದೆ.

ಕಾರ್ಯವಿಧಾನ

ಎಫ್‌ಟಿಪಿ ಏಕಕಾಲದಲ್ಲಿ ಎರಡು ಸಂಪರ್ಕಗಳನ್ನು ಬಳಸುತ್ತದೆ. ಮೊದಲನೆಯದು ನಿಯಂತ್ರಣ ಸಂಪರ್ಕ. ಇದು ಸಾಮಾನ್ಯವಾಗಿ ಸರ್ವರ್‌ನ 21ನೆಯ ಪೋರ್ಟ್‌ಗೆ ಏರ್ಪಟ್ಟು, ಕೆಲಸ ಮುಗಿಯುವವರೆಗೂ ತೆರೆದಿರುತ್ತದೆ. ಆಜ್ಞೆಗಳೂ ಉತ್ತರಗಳೂ ಇದರ ಮೂಲಕವೇ ಸಾಗುತ್ತವೆ. ಎರಡನೆಯದು ದತ್ತಾಂಶ ಸಂಪರ್ಕ. ಕಡತವನ್ನು ಅಥವಾ ಕಡತಗಳ ಪಟ್ಟಿಯನ್ನು ಸಾಗಿಸುವಾಗ ಮಾತ್ರ ಇದು ತೆರೆದು, ಸಾಗಾಟ ಮುಗಿದೊಡನೆ ಮುಚ್ಚುತ್ತದೆ.

ಸರ್ವರ್‌ನ ಪ್ರತಿ ಉತ್ತರವೂ ಮೂರಂಕಿಯ ಸಂಖ್ಯೆಯಿಂದ ಆರಂಭವಾಗುತ್ತದೆ. ಮೊದಲ ಅಂಕಿಯನ್ನು ನೋಡಿಯೇ ಸ್ಥಿತಿಯನ್ನು ತಿಳಿಯಬಹುದು: 2 ಎಂದರೆ ಕೆಲಸ ನೆರವೇರಿತು, 3 ಎಂದರೆ ಇನ್ನೂ ಮಾಹಿತಿ ಬೇಕು, 4 ಎಂದರೆ ತಾತ್ಕಾಲಿಕ ಅಡಚಣೆ, 5 ಎಂದರೆ ಆಜ್ಞೆ ತಿರಸ್ಕೃತ. ಪದೇ ಪದೇ ಕಾಣಸಿಗುವ ಕೆಲವು ಸಂಖ್ಯೆಗಳು ಹೀಗಿವೆ:

• 220: ಸರ್ವರ್ ಸಿದ್ಧವಾಗಿದೆ.
• 331: ಬಳಕೆದಾರನ ಹೆಸರು ಸ್ವೀಕೃತ, ಗುಪ್ತಪದ ಬೇಕು.
• 230: ಪ್ರವೇಶ ದೊರೆತಿದೆ.
• 226: ವರ್ಗಾವಣೆ ಮುಗಿದಿದೆ.
• 425: ದತ್ತಾಂಶ ಸಂಪರ್ಕ ತೆರೆಯಲಾಗಲಿಲ್ಲ.
• 530: ಪ್ರವೇಶ ದೊರೆತಿಲ್ಲ.
• 550: ಕಡತ ಸಿಗಲಿಲ್ಲ ಅಥವಾ ಅದನ್ನು ಬಳಸಲು ಅನುಮತಿಯಿಲ್ಲ.

ಸಕ್ರಿಯ ಮತ್ತು ನಿಷ್ಕ್ರಿಯ ವಿಧಾನಗಳು

ದತ್ತಾಂಶ ಸಂಪರ್ಕವನ್ನು ಯಾರು ಆರಂಭಿಸುತ್ತಾರೆ ಎಂಬುದನ್ನು ಅನುಸರಿಸಿ ಎರಡು ವಿಧಾನಗಳಿವೆ. ಸಕ್ರಿಯ ವಿಧಾನದಲ್ಲಿ ಕ್ಲೈಂಟ್ ತನ್ನ ವಿಳಾಸ ಮತ್ತು ಪೋರ್ಟ್ ಸಂಖ್ಯೆಯನ್ನು ತಿಳಿಸುತ್ತದೆ. ಸರ್ವರ್ ತಾನಾಗಿ, ಸಾಮಾನ್ಯವಾಗಿ 20ನೆಯ ಪೋರ್ಟ್‌ನಿಂದ, ಕ್ಲೈಂಟ್‌ನತ್ತ ಸಂಪರ್ಕ ಸಾಧಿಸುತ್ತದೆ. ಮನೆ ಹಾಗೂ ಕಚೇರಿಗಳ ಜಾಲಗಳು ಹೊರಗಿನಿಂದ ಬರುವ ಕರೆಗಳನ್ನು ಫೈರ್‌ವಾಲ್ ಮೂಲಕ ತಡೆಯುವುದರಿಂದ ಈ ವಿಧಾನ ಹಲವೊಮ್ಮೆ ವಿಫಲವಾಗುತ್ತದೆ. ನಿಷ್ಕ್ರಿಯ ವಿಧಾನದಲ್ಲಿ ಸರ್ವರ್ ತನ್ನ ಪೋರ್ಟ್ ಒಂದನ್ನು ಸೂಚಿಸಿ ಕಾಯುತ್ತದೆ. ಎರಡನೆಯ ಸಂಪರ್ಕವನ್ನೂ ಕ್ಲೈಂಟ್ ಆರಂಭಿಸುತ್ತದೆ.

ಈ ಸೂಚನೆ ಆರು ಸಂಖ್ಯೆಗಳ ರೂಪದಲ್ಲಿ ಬರುತ್ತದೆ. ಮೊದಲ ನಾಲ್ಕು ವಿಳಾಸವನ್ನು, ಕೊನೆಯ ಎರಡು ಪೋರ್ಟನ್ನು ತಿಳಿಸುತ್ತವೆ. ಕೊನೆಯ ಎರಡು 195 ಮತ್ತು 149 ಆಗಿದ್ದರೆ, 195ನ್ನು 256ರಿಂದ ಗುಣಿಸಿ 149ನ್ನು ಕೂಡಿಸಿದಾಗ ಬರುವ 50069 ಎಂಬುದೇ ಪೋರ್ಟ್ ಸಂಖ್ಯೆ. ಪ್ರವೇಶ ದೊರೆತರೂ ಕಡತಗಳ ಪಟ್ಟಿ ಕಾಣಿಸದೆ ಸಂಪರ್ಕ ಸ್ತಬ್ಧವಾದರೆ, ಕ್ಲೈಂಟ್ ನಿಷ್ಕ್ರಿಯ ವಿಧಾನದಲ್ಲಿದೆಯೇ ಎಂದು ಮೊದಲು ಪರಿಶೀಲಿಸಬೇಕು.

ಪಠ್ಯ ಕ್ರಮ ಮತ್ತು ದ್ವಿಮಾನ ಕ್ರಮ

ಸಾಲು ಮುಗಿಯಿತೆಂದು ಸೂಚಿಸಲು ವಿಂಡೋಸ್ ಎರಡು ಚಿಹ್ನೆಗಳನ್ನೂ ಯುನಿಕ್ಸ್ ಹಾಗೂ ಲಿನಕ್ಸ್ ಒಂದು ಚಿಹ್ನೆಯನ್ನೂ ಬಳಸುತ್ತವೆ. ಪಠ್ಯ ಕ್ರಮದಲ್ಲಿ ಕಳುಹಿಸಿದಾಗ ಎಫ್‌ಟಿಪಿ ಈ ಚಿಹ್ನೆಗಳನ್ನು ತಲುಪುವ ಗಣಕಕ್ಕೆ ತಕ್ಕಂತೆ ಬದಲಾಯಿಸುತ್ತದೆ. ಚಿತ್ರ, ಪಿಡಿಎಫ್, ಜಿಪ್ ಮೊದಲಾದ ಕಡತಗಳಲ್ಲಿ ಅದೇ ಬೈಟ್‌ಗಳು ಬೇರೆ ಅರ್ಥದಲ್ಲಿ ಇರುತ್ತವೆ. ಅವುಗಳನ್ನು ಪಠ್ಯ ಕ್ರಮದಲ್ಲಿ ಕಳುಹಿಸಿದರೆ ಬೈಟ್‌ಗಳು ಬದಲಾಗಿ ಕಡತ ಕೆಡುತ್ತದೆ. ಆದರೂ ಸರ್ವರ್ ಯಾವ ದೋಷವನ್ನೂ ವರದಿ ಮಾಡದಿರಬಹುದು. ದ್ವಿಮಾನ ಕ್ರಮದಲ್ಲಿ ಕಡತ ಇದ್ದದ್ದು ಇದ್ದಂತೆಯೇ ತಲುಪುತ್ತದೆ. ಈ ಕ್ರಮದಲ್ಲಿ ಕಳುಹಿಸಿದ ಮೇಲೆ ಎರಡೂ ಕಡೆಗಳಲ್ಲಿ ಕಡತದ ಗಾತ್ರ ಒಂದೇ ಇದೆಯೇ ಎಂದು ನೋಡುವುದು ಸುಲಭವಾದ ಪರೀಕ್ಷೆ.

ಕನ್ನಡ ಹೆಸರಿನ ಕಡತಗಳು

ಮೊದಲಿನ ಎಫ್‌ಟಿಪಿ ಏಳು ಬಿಟ್‌ಗಳ ಆಸ್ಕಿ ಅಕ್ಷರಗಳಿಗೆ, ಎಂದರೆ ಮುಖ್ಯವಾಗಿ ಇಂಗ್ಲಿಷ್ ಲಿಪಿಗೆ, ಸೀಮಿತವಾಗಿತ್ತು. 1999ರ ಆರ್‌ಎಫ್‌ಸಿ 2640 ಕಡತಗಳ ಹೆಸರಿಗೆ ಯುಟಿಎಫ್-8 ಸಂಕೇತವನ್ನು ಬಳಸುವ ಕ್ರಮವನ್ನು ನಿಗದಿಪಡಿಸಿತು. ಹೀಗಾಗಿ ಕನ್ನಡದಲ್ಲಿಯೂ ಕಡತಗಳನ್ನು ಹೆಸರಿಸಬಹುದು. ಕ್ಲೈಂಟ್ ಮತ್ತು ಸರ್ವರ್ ಎರಡೂ ಇದನ್ನು ಪಾಲಿಸದಿದ್ದರೆ ಹೆಸರು ಅರ್ಥವಿಲ್ಲದ ಚಿಹ್ನೆಗಳಾಗಿ ತೋರುತ್ತದೆ. ಕಡತದ ಒಳಗಿನ ಕನ್ನಡ ಪಠ್ಯ ಇದರಿಂದ ಕೆಡುವುದಿಲ್ಲ.

ಯುಟಿಎಫ್-8ರಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟ್‌ಗಳು ಬೇಕು. ‘ಕನ್ನಡ’ ಎಂಬ ಪದದಲ್ಲಿ ವಿರಾಮ ಚಿಹ್ನೆ, ಅಂದರೆ ಹಲಂತವೂ ಸೇರಿ ಐದು ಸಂಕೇತಗಳಿರುವುದರಿಂದ ಅದು 15 ಬೈಟ್‌ಗಳಷ್ಟಾಗುತ್ತದೆ. ವೆಬ್ ವಿಳಾಸದಲ್ಲಿ ಒಂದು ಬೈಟ್ ಮೂರು ಚಿಹ್ನೆಗಳಾಗಿ ಬರೆಯಲ್ಪಡುವುದರಿಂದ ಅದೇ ಪದ 45 ಚಿಹ್ನೆಗಳಿಗೆ ಬೆಳೆಯುತ್ತದೆ. ಈ ಕಾರಣದಿಂದ ಕನ್ನಡ ಜಾಲತಾಣಗಳಲ್ಲಿಯೂ ಕಡತಗಳಿಗೆ ಇಂಗ್ಲಿಷ್ ಅಕ್ಷರಗಳ ಚಿಕ್ಕ ಹೆಸರುಗಳನ್ನಿಡುವ ರೂಢಿಯಿದೆ.

ಜಾಲತಾಣಕ್ಕೆ ಕಡತಗಳನ್ನು ಏರಿಸುವ ಕ್ರಮ

ಫೈಲ್‌ಜಿಲ್ಲಾ, ವಿನ್‌ಎಸ್‌ಸಿಪಿ ಮುಂತಾದ ಉಚಿತ ಕ್ಲೈಂಟ್ ತಂತ್ರಾಂಶಗಳು ಲಭ್ಯವಿವೆ. ಇವುಗಳ ಪರದೆಯಲ್ಲಿ ಸಾಮಾನ್ಯವಾಗಿ ಒಂದು ಬದಿಗೆ ಸ್ವಂತ ಗಣಕದ ಕಡತಗಳೂ ಇನ್ನೊಂದು ಬದಿಗೆ ಸರ್ವರ್‌ನ ಕಡತಗಳೂ ಕಾಣುತ್ತವೆ.

1. ಸರ್ವರ್‌ನ ವಿಳಾಸ, ಬಳಕೆದಾರನ ಹೆಸರು, ಗುಪ್ತಪದ ಮತ್ತು ಪೋರ್ಟ್ ಸಂಖ್ಯೆಗಳನ್ನು ಜಾಲತಾಣಕ್ಕೆ ಸ್ಥಳ ಒದಗಿಸುವವರಿಂದ ಪಡೆಯಬೇಕು.
2. ಅವರ ಸರ್ವರ್ ಎಸ್‌ಎಫ್‌ಟಿಪಿ ಅಥವಾ ಎಫ್‌ಟಿಪಿಎಸ್ ಒದಗಿಸುತ್ತಿದ್ದರೆ ಅದನ್ನೇ ಆಯ್ದುಕೊಳ್ಳಬೇಕು.
3. ಈಗಾಗಲೇ ಸರ್ವರ್‌ನಲ್ಲಿರುವ ಕಡತಗಳ ಒಂದು ಪ್ರತಿಯನ್ನು ಸ್ವಂತ ಗಣಕಕ್ಕೆ ಇಳಿಸಿಟ್ಟುಕೊಳ್ಳಬೇಕು.
4. ವೆಬ್ ಪುಟಗಳಿಗಾಗಿ ಮೀಸಲಾದ ಕಡತಕೋಶವನ್ನು ತೆರೆದು ಹೊಸ ಕಡತಗಳನ್ನು ಅದರೊಳಗೆ ಏರಿಸಬೇಕು. ಬೇರೆಡೆ ಇಟ್ಟ ಕಡತಗಳು ಬ್ರೌಸರ್‌ನಲ್ಲಿ ಕಾಣಿಸುವುದಿಲ್ಲ.
5. ಗಾತ್ರಗಳನ್ನು ಹೋಲಿಸಿ, ಬ್ರೌಸರ್‌ನಲ್ಲಿ ಪುಟವನ್ನು ತೆರೆದು ಪರೀಕ್ಷಿಸಬೇಕು.

ಮೂರನೆಯ ಹೆಜ್ಜೆಯನ್ನು ಬಿಡುವಂತಿಲ್ಲ. ಅದೇ ಹೆಸರಿನ ಕಡತ ಸರ್ವರ್‌ನಲ್ಲಿದ್ದರೆ ಹೊಸದು ಹಳೆಯದರ ಸ್ಥಾನವನ್ನು ಆಕ್ರಮಿಸುತ್ತದೆ ಎಂಬುದು ಎಫ್‌ಟಿಪಿಯ ನಿಯಮ. ಹಳೆಯದನ್ನು ಹಿಂದಕ್ಕೆ ಪಡೆಯುವ ಆಜ್ಞೆ ಅದರಲ್ಲಿಲ್ಲ. ಬಹುತೇಕ ಕ್ಲೈಂಟ್‌ಗಳು ಮೊದಲೇ ಎಚ್ಚರಿಸುತ್ತವೆಯಾದರೂ, ಓದದೆ ಸಮ್ಮತಿಸಿದರೆ ವರ್ಷಗಳ ಬರಹವೂ ಕ್ಷಣದಲ್ಲಿ ಅಳಿದುಹೋಗಬಹುದು.

ಏರಿಸಿದ ಚಿತ್ರ ಪುಟದಲ್ಲಿ ಕಾಣದಿರುವುದಕ್ಕೆ ಹೆಸರಿನಲ್ಲಿನ ವ್ಯತ್ಯಾಸ ಸಾಮಾನ್ಯ ಕಾರಣ. ಇಂಗ್ಲಿಷಿನ ದೊಡ್ಡಕ್ಷರ ಮತ್ತು ಚಿಕ್ಕಕ್ಷರಗಳನ್ನು ವಿಂಡೋಸ್ ಸಾಮಾನ್ಯವಾಗಿ ಒಂದೇ ಎಂದು ಭಾವಿಸಿದರೆ, ಲಿನಕ್ಸ್ ಸರ್ವರ್‌ಗಳು ಬೇರೆ ಬೇರೆ ಎಂದು ಪರಿಗಣಿಸುತ್ತವೆ. ವರ್ಗಾವಣೆಯ ಅವಧಿಯನ್ನು ಲೆಕ್ಕಹಾಕುವಾಗ, ಕಡತದ ಗಾತ್ರವನ್ನು ಬೈಟ್‌ಗಳಲ್ಲಿಯೂ ಸಂಪರ್ಕದ ವೇಗವನ್ನು ಬಿಟ್‌ಗಳಲ್ಲಿಯೂ ಹೇಳುವ ರೂಢಿಯನ್ನು ನೆನಪಿಡಬೇಕು. ಒಂದು ಬೈಟ್‌ಗೆ ಎಂಟು ಬಿಟ್. 100 ಮೆಗಾಬೈಟ್ ಕಡತ ಸೆಕೆಂಡಿಗೆ 10 ಮೆಗಾಬಿಟ್ ವೇಗದಲ್ಲಿ ಏರಲು 10 ಸೆಕೆಂಡು ಸಾಲದು, ಕನಿಷ್ಠ 80 ಸೆಕೆಂಡು ಬೇಕು.

ಸುರಕ್ಷತೆ

ಮೂಲ ಎಫ್‌ಟಿಪಿಯಲ್ಲಿ ಬಳಕೆದಾರನ ಹೆಸರು ಮತ್ತು ಗುಪ್ತಪದಗಳು ಪೋಸ್ಟ್‌ಕಾರ್ಡಿನ ಬರಹದಂತೆ ತೆರೆದೇ ಸಾಗುತ್ತವೆ. ದಾರಿಯಲ್ಲಿ ಜಾಲದ ದಟ್ಟಣೆಯನ್ನು ಗಮನಿಸಬಲ್ಲವರು ಅವುಗಳನ್ನು ಓದಬಹುದು. ಸಾರ್ವಜನಿಕ ವೈಫೈ ಮತ್ತು ಹಲವರು ಹಂಚಿಕೊಳ್ಳುವ ಜಾಲಗಳಲ್ಲಿ ಈ ಅಪಾಯ ಹೆಚ್ಚು. ಕಡತವೊಂದು ಕಳೆದರೆ ಮತ್ತೆ ಕಳುಹಿಸಬಹುದು. ಗುಪ್ತಪದ ಕಳೆದರೆ ಇಡೀ ಜಾಲತಾಣವೇ ಅನ್ಯರ ವಶವಾಗಬಹುದು. ಗುಪ್ತಪದ ಎಷ್ಟೇ ದೀರ್ಘವಾಗಿದ್ದರೂ, ತೆರೆದ ರೂಪದಲ್ಲಿ ಸಾಗುವಾಗ ಅದರಿಂದ ರಕ್ಷಣೆ ದೊರೆಯದು.

ಇದಕ್ಕೆ ಎರಡು ಪರಿಹಾರಗಳಿವೆ. ಎಫ್‌ಟಿಪಿಎಸ್ ಎಂಬುದು ಎಫ್‌ಟಿಪಿಗೆ ಟಿಎಲ್‌ಎಸ್ ಗೂಢಲಿಪಿಯ ಕವಚ ತೊಡಿಸಿದ ರೂಪ; ಇದನ್ನು 2005ರ ಆರ್‌ಎಫ್‌ಸಿ 4217 ವಿವರಿಸುತ್ತದೆ. ಎಸ್‌ಎಫ್‌ಟಿಪಿ ಹೆಸರಿನಲ್ಲಿ ಹೋಲಿಕೆಯಿದ್ದರೂ ಬೇರೆಯೇ ನಿಯಮಾವಳಿ. ಅದು ಎಸ್‌ಎಸ್‌ಎಚ್ ಸಂಪರ್ಕದೊಳಗೆ, ಸಾಮಾನ್ಯವಾಗಿ 22ನೆಯ ಪೋರ್ಟ್‌ನಲ್ಲಿ ನಡೆಯುತ್ತದೆ. ಆಜ್ಞೆಗಳಿಗೂ ಕಡತಗಳಿಗೂ ಒಂದೇ ಸಂಪರ್ಕ ಸಾಕಾಗುವುದರಿಂದ ಫೈರ್‌ವಾಲ್ ತೊಡಕುಗಳೂ ಕಡಿಮೆ. ಎಸ್‌ಎಸ್‌ಎಚ್ ಹುಟ್ಟಿದ್ದೂ ಇಂತಹ ಅಪಾಯದಿಂದಲೇ: ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಗುಪ್ತಪದಗಳ ಕಳವು ನಡೆದ ಬಳಿಕ ತಾತು ಯ್ಲೋನೆನ್ 1995ರಲ್ಲಿ ಅದನ್ನು ರೂಪಿಸಿದರು. ಮೂಲ ಎಫ್‌ಟಿಪಿಯಲ್ಲಿ ಈಗಾಗಲೇ ಬಳಸಿದ ಗುಪ್ತಪದವನ್ನು ಸುರಕ್ಷಿತ ವಿಧಾನಕ್ಕೆ ಬದಲಾದ ಮೇಲೆ ಬದಲಾಯಿಸುವುದು ಕ್ಷೇಮ.

ಪ್ರಸ್ತುತ ಸ್ಥಿತಿ

ಲಿನಕ್ಸ್ ಕರ್ನಲ್‌ನ ಅಧಿಕೃತ ತಾಣ ಮತ್ತು ಡೆಬಿಯನ್ ಯೋಜನೆಗಳು 2017ರಲ್ಲಿ ತಮ್ಮ ಸಾರ್ವಜನಿಕ ಎಫ್‌ಟಿಪಿ ಸೇವೆಗಳನ್ನು ನಿಲ್ಲಿಸಿದವು. 2021ರಲ್ಲಿ ಕ್ರೋಮ್ ಮತ್ತು ಫೈರ್‌ಫಾಕ್ಸ್ ಬ್ರೌಸರ್‌ಗಳು ಎಫ್‌ಟಿಪಿ ಸೌಲಭ್ಯವನ್ನು ಕೈಬಿಟ್ಟವು. ಆದ್ದರಿಂದ ಹಳೆಯ ಪುಸ್ತಕಗಳಲ್ಲಿ ಹೇಳಿರುವಂತೆ ಎಫ್‌ಟಿಪಿ ವಿಳಾಸವನ್ನು ಈ ಬ್ರೌಸರ್‌ಗಳಲ್ಲಿ ತೆರೆಯಲು ಸಾಧ್ಯವಿಲ್ಲ. ಪ್ರತ್ಯೇಕ ಕ್ಲೈಂಟ್ ತಂತ್ರಾಂಶ ಬೇಕು. ಸಾರ್ವಜನಿಕ ಹಂಚಿಕೆಯ ಕಾರ್ಯವನ್ನು ಎಚ್‌ಟಿಟಿಪಿಎಸ್ ಬಹುಮಟ್ಟಿಗೆ ವಹಿಸಿಕೊಂಡಿದೆ. ಜಾಲತಾಣಗಳ ನಿರ್ವಹಣೆಯಲ್ಲಿ ಮಾತ್ರ ಎಫ್‌ಟಿಪಿಎಸ್ ಮತ್ತು ಎಸ್‌ಎಫ್‌ಟಿಪಿ ಇಂದಿಗೂ ಬಳಕೆಯಲ್ಲಿವೆ.