‘ನೈತಿಕ ಸ್ಥೈರ್ಯ’ದ ಹಳೆಯ ಕತೆ

ಠಾಣೆಯೊಳಗಿನ ತಪ್ಪೊಂದನ್ನು ಬರೆದಾಗಲೆಲ್ಲ ನಮ್ಮಂಥ ಬಿಡಿ ಸುದ್ದಿಗಾರರ ಕಿವಿಗೆ ಬೀಳುವ ಮಾತು ಒಂದೇ: ‘ಹೀಗೆಲ್ಲ ಬರೆದರೆ ಪೊಲೀಸರ ನೈತಿಕ ಸ್ಥೈರ್ಯ ಕುಗ್ಗುತ್ತೆ ಕಣ್ರೀ.’ ಈ ಮಾತಿಗೆ ವಯಸ್ಸಾಗಿದೆ. ಬಿಹಾರದ ಭಾಗಲ್ಪುರದ ಪ್ರಕರಣ ನೋಡಿ.

1979-80ರಲ್ಲಿ ಆ ಜಿಲ್ಲೆಯ ಪೊಲೀಸರು ಮೂವತ್ತಕ್ಕೂ ಹೆಚ್ಚು ಜನರ ಕಣ್ಣು ಚುಚ್ಚಿ ಆಸಿಡ್ ಸುರಿದರು. ಆ ಆಸಿಡ್ಡಿಗೆ ಅವರಿಟ್ಟ ಹೆಸರು ‘ಗಂಗಾಜಲ’. ಕಣ್ಣು ಕಳೆದುಕೊಂಡವರು ಅಪರಾಧ ಸಾಬೀತಾಗದ ವಿಚಾರಣಾಧೀನ ಬಂದಿಗಳು. ಇವರನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿದಾಗ ವಕೀಲರನ್ನು ಕೊಡಲಿಲ್ಲ. ಕಾರಣ ಕೇಳಿದರೆ, ಅವರು ಕೇಳಲಿಲ್ಲವಂತೆ! ಊರಿನಲ್ಲಿ ಇದು ಗುಟ್ಟಾಗಿರಲಿಲ್ಲ. ಆದರೂ ದೇಶಕ್ಕೆ ತಿಳಿದದ್ದು 1980ರ ನವೆಂಬರಿನಲ್ಲಿ, ಇಂಡಿಯನ್ ಎಕ್ಸ್‌ಪ್ರೆಸ್‌ನ ಪಟ್ನಾ ವರದಿಗಾರ ಅರುಣ್ ಸಿನ್ಹಾ ಬರೆದ ಮೇಲೆ. ದಿನಾ ಬೆಳಿಗ್ಗೆ ಕ್ರೈಂ ಸುದ್ದಿಗೆ ಠಾಣೆಯ ಬಾಗಿಲಿಗೇ ಹೋಗಬೇಕಾದ ಸ್ಥಳೀಯನಿಗೆ ಅಂಥದ್ದನ್ನು ಮೊದಲು ಬರೆಯುವುದು ಎಷ್ಟು ಕಷ್ಟವೆಂದು ನಮಗೆ ಹೇಳಿಕೊಡಬೇಕಿಲ್ಲ.

ಕೆಲವು ಪೊಲೀಸರು ಅಮಾನತಾದರು. ಭಾಗಲ್ಪುರದ ಜನ ಬೀದಿಗಿಳಿದರು, ಆದರೆ ಪೊಲೀಸರ ಪರವಾಗಿ. ದರೋಡೆಕೋರರಿಂದ ಬೇಸತ್ತ ಜನ ಅವರು, ಆ ಸಿಟ್ಟು ಸುಳ್ಳಲ್ಲ. ಕೆಲವೇ ತಿಂಗಳಲ್ಲಿ ಅಮಾನತುಗಳು ತೆರವಾಗತೊಡಗಿದವು. ಬಂದಿಗಳ ಅಹವಾಲನ್ನು ಹೊರಗೆ ಹೋಗಲು ಬಿಟ್ಟ ಜೈಲು ಅಧೀಕ್ಷಕರೂ ಅಮಾನತಾಗಿದ್ದರು. ಅವರ ಸ್ಥೈರ್ಯದ ಬಗ್ಗೆ ಯಾರೂ ಚಿಂತಿಸಿದಂತಿಲ್ಲ. ಕಪಿಲಾ ಹಿಂಗೋರಾನಿ ಸುಪ್ರೀಂ ಕೋರ್ಟಿಗೆ ಹೋದರು. 1980ರ ಖತ್ರಿ ತೀರ್ಪು, ಬಡ ಆರೋಪಿಗೆ ಮೊದಲ ಹಾಜರಿಯಿಂದಲೇ ಉಚಿತ ವಕೀಲರನ್ನು ಕೊಡುವುದು ಸರ್ಕಾರದ ಹೊಣೆ ಎಂದಿತು.

ಹಾಗಾದರೆ ಸ್ಥೈರ್ಯ ಎನ್ನುವುದೇ ಸುಳ್ಳೇ? ಅಲ್ಲ. ಧರ್ಮವೀರ ಅಧ್ಯಕ್ಷತೆಯ ರಾಷ್ಟ್ರೀಯ ಪೊಲೀಸ್ ಆಯೋಗ ಭಾಗಲ್ಪುರಕ್ಕೆ ಮೊದಲೇ, 1979ರ ಫೆಬ್ರುವರಿಯ ತನ್ನ ಮೊದಲ ವರದಿಯಲ್ಲಿ ಎರಡು ವಿಷಯಗಳನ್ನು ಒಟ್ಟಿಗೆ ಎತ್ತಿಕೊಂಡಿತ್ತು: ಪೊಲೀಸರ ಮೇಲಿನ ದೂರುಗಳ ವಿಚಾರಣೆ, ಕಾನ್‌ಸ್ಟೆಬಲ್‌ಗಳ ಸಂಬಳ, ವಸತಿ, ಕೆಲಸದ ಹೊತ್ತು. ಒಂದನ್ನು ಬಿಟ್ಟು ಇನ್ನೊಂದಿಲ್ಲ ಎಂದು ನನಗೂ ಅನ್ನಿಸುತ್ತದೆ. ವಾರದ ರಜೆ ಸಿಗದವನ ಸ್ಥೈರ್ಯ ಕುಗ್ಗುವುದು ಪತ್ರಿಕೆ ಓದಿ ಅಲ್ಲ.

ನಮ್ಮಲ್ಲೇ 2016ರ ಜೂನ್ 4ರಂದು ಸಾಮೂಹಿಕ ರಜೆಗೆ ಕರೆ ಕೊಟ್ಟಾಗ ಏನಾಯಿತು? ಸಂಘದ ಮುಖಂಡರನ್ನು ರಾಜದ್ರೋಹದ ಆರೋಪದಲ್ಲಿ ಬಂಧಿಸಿದರು. ಬಹುತೇಕ ಸಿಬ್ಬಂದಿ ಡ್ಯೂಟಿಗೆ ಬಂದರು. ಅನುಮತಿಯಿಲ್ಲದೆ ಪತ್ರಿಕೆಯೊಡನೆ ಮಾತಾಡಿದರೆ 1966ರ ಕೇಂದ್ರ ಕಾಯ್ದೆಯ ಪ್ರಕಾರ ಅಪರಾಧ. ಹಾಗಾಗಿ ಅವರ ಅಳಲು ನಮ್ಮ ಬಳಿ ಬರುವುದು ಹೆಸರಿಲ್ಲದೆ, ಚಹಾದಂಗಡಿಯ ಹಿಂದೆ. ಅಂದಿನ ಬೇಡಿಕೆಗಳಲ್ಲಿ ಅಧಿಕಾರಿಗಳ ಮನೆಗೆಲಸದ ಆರ್ಡರ್ಲಿ ಪದ್ಧತಿಯ ರದ್ದತಿಯೂ ಇತ್ತು. 1979ರ ಆ ವರದಿಯೂ ಅದನ್ನೇ ಕೇಳಿತ್ತು.